ಫ್ರಿಗೇಟ್ ಪುಟ ಟಿವಿಯಲ್ಲಿ ಪರದೆ ತುಂಬ ಕಾಣಬೇಕು, ಕರೆಂಟ್ ಹೋಗಿ ಬಂದರೂ ತಾನಾಗಿ ಬರಬೇಕು: ಹೇಗೆ?

ಪ್ರಶ್ನೆ: ನಮ್ಮ ಅಡಿಕೆ ಗೋದಾಮಿನಲ್ಲಿ ಆರು ಐಪಿ ಕ್ಯಾಮೆರಾಗಳಿವೆ. ಹಳೆಯ ಕಂಪ್ಯೂಟರ್ ಒಂದರಲ್ಲಿ ಫ್ರಿಗೇಟ್ ಎಂಬ ಕ್ಯಾಮೆರಾ ರೆಕಾರ್ಡಿಂಗ್ ತಂತ್ರಾಂಶ ಹಾಕಿಕೊಂಡು ರೆಕಾರ್ಡ್ ಮಾಡುತ್ತಿದ್ದೇವೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೌಂಟರ್ ಹಿಂದಿನ 43 ಇಂಚಿನ ಸ್ಮಾರ್ಟ್ ಟಿವಿಯಲ್ಲಿ ಇದೇ ಪುಟ ಬೆಳಿಗ್ಗೆಯಿಂದ ಸಂಜೆವರೆಗೆ ಪರದೆ ತುಂಬ ಕಾಣಬೇಕು. ಟಿವಿಯ ಬ್ರೌಸರಿನಲ್ಲಿ ತೆರೆದರೆ ಮೇಲಿನ ವಿಳಾಸದ ಪಟ್ಟಿ ಹೋಗುವುದಿಲ್ಲ, ಎರಡು ಕ್ಯಾಮೆರಾ ಬರೀ ಕಪ್ಪು, ಉಳಿದವು ಫೋಟೋ ತರಹ ನಿಂತೇ ಇರುತ್ತವೆ. ಕರೆಂಟ್ ಹೋಗಿ ಬಂದರೆ ಎಲ್ಲ ಮೊದಲಿಂದ ಮಾಡಬೇಕು. ಇದಕ್ಕೆ ದಾರಿ ಏನು?

ಉತ್ತರ: ನೀವು ಒಂದೇ ತೊಂದರೆ ಅಂದುಕೊಂಡಿರುವುದು ನಿಜವಾಗಿ ನಾಲ್ಕು. ವಿಳಾಸದ ಪಟ್ಟಿ ಹೋಗದಿರುವುದು ಬ್ರೌಸರಿನ ವಿಷಯ. ಕಪ್ಪು ಚೌಕಗಳು ವೀಡಿಯೊ ಕೋಡೆಕ್‌ನ, ಅಂದರೆ ವೀಡಿಯೊವನ್ನು ಕುಗ್ಗಿಸಿ ಕಳಿಸುವ ವಿಧಾನದ ವಿಷಯ. ನಿಂತ ಚಿತ್ರ ಫ್ರಿಗೇಟ್ ಬೇಕೆಂದೇ ಮಾಡುವ ಕೆಲಸ, ಅದು ದೋಷವಲ್ಲ. ಕರೆಂಟಿನದು ಬೇರೆಯೇ ಪಾಠ. ಇವನ್ನು ಬಿಡಿಸಿ ನೋಡಿದರೆ ಪ್ರತಿಯೊಂದಕ್ಕೂ ಪರಿಹಾರವಿದೆ. ಬೆರೆಸಿ ನೋಡಿದರೆ ದಿನಗಟ್ಟಲೆ ಟಿವಿಯ ಸೆಟ್ಟಿಂಗ್ಸ್‌ನಲ್ಲೇ ಸುತ್ತುತ್ತೀರಿ.

ಮೊದಲ ಸಲಹೆ: ಟಿವಿಯ ಒಳಗಿನ ಬ್ರೌಸರನ್ನು ಈ ಕೆಲಸಕ್ಕೆ ನಂಬಬೇಡಿ. ಸ್ಮಾರ್ಟ್ ಟಿವಿಯ ಬ್ರೌಸರ್ ಆ ಟಿವಿ ತಯಾರಾದ ವರ್ಷದ ಎಂಜಿನ್‌ಗೆ ಕಟ್ಟುಬಿದ್ದಿರುತ್ತದೆ. ಎಲ್‌ಜಿಯ ವೆಬ್‌ಓಎಸ್ 4 ಇರುವ ಟಿವಿಯಲ್ಲಿ ಓಡುವುದು ಕ್ರೋಮಿಯಂ 53, ವೆಬ್‌ಓಎಸ್ 5ರಲ್ಲಿ 68, ವೆಬ್‌ಓಎಸ್ 6ರಲ್ಲಿ 79. ಸ್ಯಾಮ್‌ಸಂಗ್‌ನ ಟೈಜನ್ 5.0ರಲ್ಲಿ 63. ಇಂದಿನ ಫ್ರಿಗೇಟ್ ಪುಟ ಬರೆದಿರುವುದು ಇಂದಿನ ಬ್ರೌಸರಿಗೆ. ಅಷ್ಟು ಹಳೆಯ ಎಂಜಿನ್‌ನಲ್ಲಿ ಪುಟ ಅರ್ಧಂಬರ್ಧ ತೆರೆಯುವುದು ಅಥವಾ ತೆರೆಯದಿರುವುದು ಸಹಜ. ಮೇಲಾಗಿ ಟಿವಿಗೆ ಮೆಮೊರಿ ಕಡಿಮೆ. ಆರು ವೀಡಿಯೊ ಒಟ್ಟಿಗೆ ತೆರೆದರೆ ಕೆಲವು ಗಂಟೆಗಳಲ್ಲಿ ಬ್ರೌಸರ್ ತಾನೇ ಮುಚ್ಚಿಕೊಳ್ಳುತ್ತದೆ. ಟಿವಿ ಬರೀ ಪರದೆಯಾಗಿರಲಿ, ಬ್ರೌಸರ್ ಓಡಿಸಲು ಅದರ ಎಚ್‌ಡಿಎಂಐಗೆ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿಸಿ.

ಆ ಪೆಟ್ಟಿಗೆ ರಾಸ್‌ಬೆರಿ ಪೈ 4 ಅಥವಾ 5 ಎಂಬ ಪುಟ್ಟ ಕಂಪ್ಯೂಟರ್ ಆಗಬಹುದು, ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ ಆಗಬಹುದು. ಫ್ರಿಗೇಟ್ ಓಡುತ್ತಿರುವ ಕಂಪ್ಯೂಟರ್ ಟಿವಿಯ ಪಕ್ಕದಲ್ಲೇ ಇದ್ದರೂ ಅದರಿಂದಲೇ ತೋರಿಸುವುದು ಬೇಡ. ರೆಕಾರ್ಡಿಂಗ್ ಮಾಡುವ ಯಂತ್ರದಲ್ಲಿ ಬ್ರೌಸರ್ ಮೆಮೊರಿ ತಿಂದರೆ ಪೆಟ್ಟು ಬೀಳುವುದು ರೆಕಾರ್ಡಿಂಗ್‌ಗೆ. ಪೈ ಕೊಳ್ಳುವವರು ಗಮನಿಸಬೇಕಾದ್ದು ಒಂದಿದೆ: ಪೈ 4ರಲ್ಲಿ ಎಚ್.264 ಎಂಬ ಕೋಡೆಕ್ ಬಿಡಿಸುವ ಹಾರ್ಡ್‌ವೇರ್ ಇದೆ, ಅದಕ್ಕಿಂತ ವೇಗದ ಪೈ 5ರಲ್ಲಿ ಅದನ್ನು ತೆಗೆದುಹಾಕಿ ಅದರ ಮುಂದಿನ ಪೀಳಿಗೆಯ ಎಚ್.265ಕ್ಕೆ ಮಾತ್ರ ಉಳಿಸಿದ್ದಾರೆ. ಪೈ 5ರಲ್ಲಿ ಎಚ್.264 ಕೆಲಸವೆಲ್ಲ ಸಿಪಿಯು ಮೇಲೆ ಬೀಳುತ್ತದೆ. ಕ್ಯಾಮೆರಾ ಒಂದೇ ದೃಶ್ಯವನ್ನು ದೊಡ್ಡ ಅಳತೆಯ ಮೇನ್‌ಸ್ಟ್ರೀಮ್, ಸಣ್ಣ ಅಳತೆಯ ಸಬ್‌ಸ್ಟ್ರೀಮ್ ಎಂದು ಎರಡಾಗಿ ಕಳಿಸುತ್ತದೆ. ಸಬ್‌ಸ್ಟ್ರೀಮ್ ಆರಾದರೆ ಪೈ 5 ಸಲೀಸಾಗಿ ತಡೆದುಕೊಳ್ಳುತ್ತದೆ, ಆರು ಮೇನ್‌ಸ್ಟ್ರೀಮ್ ಆದರೆ ಉಸಿರು ಕಟ್ಟುತ್ತದೆ. ಪವರ್ ಅಡಾಪ್ಟರ್ ಪೈ 4ಕ್ಕೆ 5 ವೋಲ್ಟ್ 3 ಆಂಪ್, ಪೈ 5ಕ್ಕೆ 5 ವೋಲ್ಟ್ 5 ಆಂಪ್ ಬೇಕು. ಟಿವಿಯ ಹಿಂದಿನ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ, ಅದು ಸಾಲದು. ಟಿವಿ ಆಫ್ ಆದಾಗ ಪೈ ಕೂಡ ಹಠಾತ್ತನೆ ಸತ್ತು ಮೆಮೊರಿ ಕಾರ್ಡ್ ಹಾಳಾಗುತ್ತದೆ. ಎಚ್‌ಡಿಎಂಐ ಕೇಬಲನ್ನು ಎರಡು ಕಿಂಡಿಗಳಲ್ಲಿ ಪವರ್ ಕಿಂಡಿಯ ಪಕ್ಕದ್ದಕ್ಕೇ ಹಾಕಿ. ನೆಟ್‌ವರ್ಕ್‌ಗೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆಯಿರಿ.

ಈಗ ಪರದೆ ತುಂಬುವ ವಿಷಯಕ್ಕೆ. ಚಿತ್ರದ ಸುತ್ತ ಒಂದರೊಳಗೊಂದು ಮೂರು ಚೌಕಟ್ಟುಗಳಿರುತ್ತವೆ. ಎಲ್ಲಕ್ಕಿಂತ ಹೊರಗಿನದು ಟಿವಿಯದು: ಅದು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತದೆ. ನಡುವಿನದು ಬ್ರೌಸರಿನದು: ವಿಳಾಸದ ಪಟ್ಟಿ, ಟ್ಯಾಬ್‌ಗಳು. ಒಳಗಿನದು ಪುಟದ್ದೇ: ಫ್ರಿಗೇಟ್‌ನ ಎಡಬದಿಯ ಐಕಾನ್ ಸಾಲು, ಕೆಳಗಿನ ಸ್ಥಿತಿಪಟ್ಟಿ. ಒಂದನ್ನು ತೆಗೆದರೆ ಇನ್ನೊಂದು ಹೋಗುವುದಿಲ್ಲ. ಕೀಬೋರ್ಡಿನ ಎಫ್11 ಒತ್ತಿದರೆ ಬ್ರೌಸರಿನದು ಮಾತ್ರ ಮಾಯವಾಗುತ್ತದೆ. ಫ್ರಿಗೇಟ್ ಪುಟದ ಪೂರ್ಣಪರದೆ ಗುಂಡಿ ಒತ್ತಿದರೆ ಬ್ರೌಸರಿನದೂ ಪುಟದ್ದೂ ಹೋಗುತ್ತವೆ, ಆದರೆ ಅದನ್ನು ಯಾರಾದರೂ ಕೈಯಾರೆ ಒತ್ತಲೇಬೇಕು. ಪುಟವೊಂದು ತೆರೆದ ಕೂಡಲೇ ತಾನಾಗಿ ಪರದೆ ತುಂಬಿಕೊಳ್ಳದಂತೆ ಎಲ್ಲ ಬ್ರೌಸರುಗಳೂ ತಡೆಯುತ್ತವೆ. ಬಳಕೆದಾರ ಕ್ಲಿಕ್ ಮಾಡಿದ ಅಥವಾ ಕೀಲಿ ಒತ್ತಿದ ಮೇಲಷ್ಟೇ ಅನುಮತಿ. ಬ್ಯಾಂಕಿನ ನಕಲಿ ಪುಟ ಪರದೆ ತುಂಬ ಬಂದು ಜನರನ್ನು ಮೋಸಗೊಳಿಸಬಾರದು ಎಂಬುದು ಕಾರಣ. ಹಾಗಾಗಿ "ತಾನಾಗಿ ಪೂರ್ಣಪರದೆ" ಎಂಬ ಸೆಟ್ಟಿಂಗ್ ಫ್ರಿಗೇಟ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಕೆಲಸ ಹೊರಗಿನಿಂದ, ಬ್ರೌಸರನ್ನು ಕಿಯೋಸ್ಕ್ ರೀತಿಯಲ್ಲಿ (ವಿಳಾಸದ ಪಟ್ಟಿಯಿಲ್ಲದೆ ಪುಟ ಮಾತ್ರ ಪರದೆ ತುಂಬ ಕಾಣುವಂತೆ) ತೆರೆಯುವುದರಿಂದ ಆಗಬೇಕು.

ಅದಕ್ಕೂ ಮೊದಲು, ಯಾವ ಪುಟ ತೋರಿಸಬೇಕು ಎಂದು ತೀರ್ಮಾನಿಸಿ. ಫ್ರಿಗೇಟ್‌ನಲ್ಲಿ ಮೂರು ಆಯ್ಕೆಗಳಿವೆ, ಮೂರರ ಗುಣವೂ ಬೇರೆ.

ಒಂದು, ಮಾಮೂಲಿ ಲೈವ್ ಡ್ಯಾಶ್‌ಬೋರ್ಡ್. ನೀವು ಈಗ ನೋಡುತ್ತಿರುವುದು ಇದೇ. ಚಿತ್ರಗಳು ನಿಂತಂತೆ ಕಾಣುವುದಕ್ಕೆ ಕಾರಣ ಇದರ ಮಿತವ್ಯಯ: ಕ್ಯಾಮೆರಾದ ಮುಂದೆ ಚಲನೆ ಇಲ್ಲದಾಗ ನಿಮಿಷಕ್ಕೊಂದು ಸ್ಥಿರಚಿತ್ರ ತೋರಿಸಿ, ಏನಾದರೂ ಅಲುಗಾಡಿದಾಗ ಮಾತ್ರ ನೇರ ವೀಡಿಯೊಗೆ ಬದಲಾಗುತ್ತದೆ. ಟಿವಿಗೆ ಇದು ಸರಿಹೊಂದುವುದಿಲ್ಲ. ಟಿವಿಗೆಂದೇ ಒಂದು ಕ್ಯಾಮೆರಾ ಗ್ರೂಪ್ ಮಾಡಿ, ಆ ಗ್ರೂಪಿನ ಎಡಿಟ್‌ನಲ್ಲಿ ಪ್ರತಿ ಕ್ಯಾಮೆರಾದ ಎದುರಿನ ಗೇರ್ ಚಿಹ್ನೆ ಒತ್ತಿ, ಸ್ಟ್ರೀಮಿಂಗ್ ವಿಧಾನವನ್ನು ನಿರಂತರಕ್ಕೆ ಬದಲಿಸಬಹುದು (0.15ನೇ ಆವೃತ್ತಿಯಿಂದ). ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ "ಗ್ರೂಪ್=" ಎಂದು ಗ್ರೂಪಿನ ಹೆಸರು ಸೇರಿಸಿದರೆ ನೇರ ಅದೇ ತೆರೆಯುತ್ತದೆ. ಆದರೆ ನೆನಪಿಡಿ: ಈ ಸ್ಟ್ರೀಮಿಂಗ್ ಆಯ್ಕೆ ಉಳಿಯುವುದು ಫ್ರಿಗೇಟ್‌ನಲ್ಲಲ್ಲ, ಆಯಾ ಬ್ರೌಸರಿನ ಸ್ಥಳೀಯ ಸಂಗ್ರಹದಲ್ಲಿ. ಲ್ಯಾಪ್‌ಟಾಪಿನಲ್ಲಿ ಬದಲಿಸಿ ಟಿವಿಯಲ್ಲಿ ಕಾಯುತ್ತ ಕೂತರೆ ಪ್ರಯೋಜನವಿಲ್ಲ, ಟಿವಿಯ ಪೆಟ್ಟಿಗೆಯಲ್ಲೇ ಬದಲಿಸಬೇಕು. ಬ್ರೌಸರನ್ನು ಇನ್‌ಕಾಗ್ನಿಟೊದಲ್ಲಿ ತೆರೆದರೆ ಪ್ರತಿಸಲವೂ ಅಳಿಸಿಹೋಗುತ್ತದೆ.

ಎರಡು, ಬರ್ಡ್ಸ್‌ಐ. ವಿಳಾಸದ ಕೊನೆಗೆ ಹ್ಯಾಶ್ ಚಿಹ್ನೆ ಮತ್ತು ಬರ್ಡ್ಸ್‌ಐ ಎಂದು ಸೇರಿಸಿದರೆ ತೆರೆಯುತ್ತದೆ. ಇಲ್ಲಿ ಫ್ರಿಗೇಟ್ ತಾನೇ ಕ್ಯಾಮೆರಾಗಳನ್ನು ಜೋಡಿಸಿ ಒಂದೇ ವೀಡಿಯೊ ಮಾಡಿ ಕಳಿಸುತ್ತದೆ. ಬ್ರೌಸರ್ ಆರರ ಬದಲು ಒಂದನ್ನೇ ಬಿಡಿಸಿದರೆ ಸಾಕು, ಹಾಗಾಗಿ ದುರ್ಬಲ ಪೆಟ್ಟಿಗೆಗೂ ಆಗುತ್ತದೆ. ಮೋಡ್‌ನಲ್ಲಿ ಆಬ್ಜೆಕ್ಟ್ಸ್ ಇಟ್ಟರೆ ಮನುಷ್ಯರೋ ಗಾಡಿಯೋ ಕಂಡ ಕ್ಯಾಮೆರಾ ಮಾತ್ರ ಬರುತ್ತದೆ, ಮೋಷನ್ ಇಟ್ಟರೆ ಚಲನೆ ಕಂಡದ್ದು, ಕಂಟಿನ್ಯುಯಸ್ ಇಟ್ಟರೆ ಎಲ್ಲವೂ. ಮೂಲ ಅಳತೆ 1280×720. ದೊಡ್ಡ ಟಿವಿಗೆ ಮಸುಕೆನಿಸಿದರೆ ಫ್ರಿಗೇಟ್‌ನ ಸಂರಚನೆಯಲ್ಲಿ (ಕಾನ್ಫಿಗ್ ಕಡತದಲ್ಲಿ) ಅಗಲ 1920, ಎತ್ತರ 1080 ಮಾಡಿ. ರಾತ್ರಿ ಕಾವಲಿನವರು ಒಂಟಿಯಾಗಿ ನೋಡುವ ಪರದೆಗೆ ಆಬ್ಜೆಕ್ಟ್ಸ್ ಮೋಡ್ ನಿಜಕ್ಕೂ ಒಳ್ಳೆಯದು, ಯಾರೋ ಬಂದಾಗ ಆ ಒಂದೇ ಚಿತ್ರ ಪರದೆ ತುಂಬ ಬಂದು ನಿಲ್ಲುತ್ತದೆ.

ಮೂರು, ಫ್ರಿಗೇಟ್ ಒಳಗೇ ಇರುವ, ಕ್ಯಾಮೆರಾ ವೀಡಿಯೊ ಹಂಚುವ ಗೋ2ಆರ್‌ಟಿಸಿ ಎಂಬ ತಂತ್ರಾಂಶದ ಸ್ವಂತ ಪುಟ. ಹಗಲಿಡೀ ಆರೂ ಕ್ಯಾಮೆರಾ ನೇರ ಕಾಣಬೇಕೆಂಬ ನಿಮ್ಮ ಅಗತ್ಯಕ್ಕೆ ನಾವು ಸೂಚಿಸುವುದು ಇದನ್ನೇ. ಇದರಲ್ಲಿ ಬದಿಯ ಐಕಾನ್ ಸಾಲಿಲ್ಲ, ಲಾಗಿನ್ ಇಲ್ಲ, ನಿಮಿಷಕ್ಕೊಂದು ಫೋಟೋದ ಮಿತವ್ಯಯವಿಲ್ಲ. ವೀಡಿಯೊಗಳು ಮಾತ್ರ. ಅಂದರೆ ಮೂರನೆಯ ಚೌಕಟ್ಟು ಇಲ್ಲಿ ಮೊದಲಿಂದಲೇ ಇಲ್ಲ. ಸಂಪರ್ಕ ಕಡಿದರೆ ಸುಮಾರು 15 ಸೆಕೆಂಡಿಗೆ ತಾನಾಗಿ ಮತ್ತೆ ಯತ್ನಿಸುತ್ತದೆ, ಫ್ರಿಗೇಟ್ ಮರುಪ್ರಾರಂಭವಾದರೂ ಟಿವಿ ಮುಟ್ಟಬೇಕಾಗಿಲ್ಲ. ಇದು 1984ನೇ ಪೋರ್ಟ್‌ನಲ್ಲಿರುತ್ತದೆ, ಫ್ರಿಗೇಟ್ ಓಡಿಸುವ ಡಾಕರ್ ಕಂಪೋಸ್ ಕಡತದ ಪೋರ್ಟ್‌ಗಳ ಸಾಲಿನಲ್ಲಿ 1984:1984 ಸೇರಿಸಿ ತೆರೆಯಬೇಕು. ಪುಟದ ಹೆಸರು ಸ್ಟ್ರೀಮ್.ಎಚ್‌ಟಿಎಂಎಲ್. ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ, ನಂತರ "ಎಸ್‌ಆರ್‌ಸಿ=" ಮತ್ತು ಸ್ಟ್ರೀಮಿನ ಹೆಸರು. ಹೀಗೆ ಆರನ್ನೂ ನಡುವೆ ಆಂಪರ್‌ಸಂಡ್ ಚಿಹ್ನೆ ಹಾಕಿ ಒಂದರ ಹಿಂದೊಂದು ಬರೆಯಿರಿ. ಕೊನೆಗೆ "ಮೋಡ್=ಎಂಎಸ್‌ಇ" ಮತ್ತು "ವಿಡ್ತ್=600ಪಿಎಕ್ಸ್" ಸೇರಿಸಿ. (ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪಿಸಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ.)

ಆ 600 ಎಲ್ಲಿಂದ ಬಂತು? ವಿಡ್ತ್ ಎಂದರೆ ಒಂದು ಚೌಕದ ಕನಿಷ್ಠ ಅಗಲ. 1920 ಅಗಲದ ಪರದೆಯಲ್ಲಿ 600ರವು ಮೂರು ಹಿಡಿಯುತ್ತವೆ, ಮಿಕ್ಕ ಜಾಗ ಹಂಚಿಕೊಂಡು ಪ್ರತಿಯೊಂದೂ 640 ಆಗುತ್ತದೆ. ನಾಲ್ಕೇ ಕ್ಯಾಮೆರಾ ಇದ್ದವರು 900 ಬರೆದರೆ ಸಾಲಿಗೆರಡು ಬಂದು 960×540ರ ನಾಲ್ಕು ಚೌಕಗಳು ಪರದೆಯನ್ನು ಕರಾರುವಾಕ್ಕಾಗಿ ತುಂಬುತ್ತವೆ. ಆರರಲ್ಲಿ ಹಾಗಾಗದು. 640×360ರ ಎರಡು ಸಾಲು ಸೇರಿದರೆ ಎತ್ತರ 720, ಉಳಿದ 360 ಸಾಲುಗಳಷ್ಟು ಜಾಗ ಕಪ್ಪಾಗಿಯೇ ಇರುತ್ತದೆ. ಚಿತ್ರವನ್ನು ಹಿಗ್ಗಿಸಿ ಆ ಜಾಗ ಮುಚ್ಚಲು ಹೋಗಬೇಡಿ, ಮನುಷ್ಯರು ಸೊರಗಿದಂತೆ ಕಾಣುತ್ತಾರೆ. ಇನ್ನು ಮೂರು ಕ್ಯಾಮೆರಾ ಹಾಕಿಸುವ ಯೋಚನೆ ಇದ್ದರೆ ಮೂರನೇ ಸಾಲಿಗೆ ಜಾಗ ಕಾದಿದೆ ಎಂದು ತಿಳಿಯಿರಿ.

1984 ಪೋರ್ಟ್ ತೆರೆದವರಿಗೆ ಒಂದು ಎಚ್ಚರಿಕೆ. ಅದಕ್ಕೆ ಪಾಸ್‌ವರ್ಡ್ ಇಲ್ಲ, ಆ ಪುಟಗಳಲ್ಲಿ ಕ್ಯಾಮೆರಾಗಳ ಪಾಸ್‌ವರ್ಡ್ ಸಮೇತ ವಿಳಾಸ ಕಾಣುತ್ತದೆ. ರೂಟರಿನಲ್ಲಿ ಇದಕ್ಕೆ ಪೋರ್ಟ್ ಫಾರ್ವರ್ಡ್ ಯಾವ ಕಾರಣಕ್ಕೂ ಮಾಡಬೇಡಿ. ಗಿರಾಕಿಗಳಿಗೆ ಕೊಡುವ ವೈಫೈ ಇದ್ದರೆ ಅದನ್ನು ಗೆಸ್ಟ್ ನೆಟ್‌ವರ್ಕ್ ಆಗಿ ಬೇರ್ಪಡಿಸಿ. ಗಿರಾಕಿಗಳ ಕಣ್ಣಿಗೆ ಬೀಳುವ ಟಿವಿಯಾದ್ದರಿಂದ ಕ್ಯಾಶ್ ಕೌಂಟರಿನ ಕ್ಯಾಮೆರಾವನ್ನು ಈ ಪುಟದಿಂದ ಬಿಟ್ಟುಬಿಡುವುದೂ ಒಳ್ಳೆಯದು.

ಇನ್ನು ಕಪ್ಪು ಚೌಕಗಳು. ಆ ಎರಡು ಕ್ಯಾಮೆರಾಗಳು ಎಚ್.265ರಲ್ಲಿ ಕಳಿಸುತ್ತಿರುವ ಸಂಭವ ತುಂಬ ಹೆಚ್ಚು. ಕ್ರೋಮ್ ಬ್ರೌಸರಿಗೆ ಎಚ್.265 ಬೆಂಬಲ ಬಂದದ್ದು 2022ರಲ್ಲಿ, 107ನೇ ಆವೃತ್ತಿಗೆ, ಅದೂ ಹಾರ್ಡ್‌ವೇರ್ ನೆರವಿದ್ದಾಗ ಮಾತ್ರ. ಟಿವಿಯ ಹಳೆಯ ಎಂಜಿನ್‌ನಲ್ಲಿ ಆಸೆ ಬಿಡಿ, ಪೈ ಮೇಲಿನ ಕ್ರೋಮಿಯಂನಲ್ಲೂ ಭರವಸೆ ಇಡಬೇಡಿ. ಪರಿಹಾರ ಕ್ಯಾಮೆರಾದಲ್ಲಿದೆ. ಮೇನ್‌ಸ್ಟ್ರೀಮ್ ಎಚ್.265 ಆಗಿಯೇ ಇರಲಿ, ರೆಕಾರ್ಡಿಂಗ್‌ಗೆ ಹಾರ್ಡ್‌ಡಿಸ್ಕ್ ಉಳಿಯುತ್ತದೆ. ಸಬ್‌ಸ್ಟ್ರೀಮನ್ನು ಮಾತ್ರ ಎಚ್.264ಕ್ಕೆ ಬದಲಿಸಿ. ಎಚ್.264 ಪ್ಲಸ್, ಸ್ಮಾರ್ಟ್ ಕೋಡೆಕ್ ಎಂಬ ಹೆಸರಿನ ಆಯ್ಕೆಗಳಿದ್ದರೆ ಆಫ್ ಮಾಡಿ. ಅವು ಐ-ಫ್ರೇಮ್‌ಗಳ (ಇಡೀ ಚಿತ್ರವನ್ನು ಹೊತ್ತ ಫ್ರೇಮ್‌ಗಳ) ಅಂತರವನ್ನು ಮನಬಂದಂತೆ ಹಿಗ್ಗಿಸಿ ಚಿತ್ರ ತಡವಾಗಿ ಮೂಡುವಂತೆ ಮಾಡುತ್ತವೆ. ಐ-ಫ್ರೇಮ್ ಅಂತರ ಸೆಕೆಂಡಿನ ಫ್ರೇಮುಗಳಷ್ಟೇ ಇರಲಿ: 15 ಫ್ರೇಮ್ ಇದ್ದರೆ ಅಂತರವೂ 15. ಬಿಟ್‌ರೇಟ್ 512 ಕೆಬಿಪಿಎಸ್ ಸಾಕು. ಆರೂ ಸೇರಿ 3 ಎಂಬಿಪಿಎಸ್ ಆಸುಪಾಸು, ಹಳೆಯ 100 ಎಂಬಿಪಿಎಸ್ ಸ್ವಿಚ್‌ಗೂ ಅದು ಲೆಕ್ಕಕ್ಕಿಲ್ಲ. ಗೋದಾಮಿನ ಟ್ಯೂಬ್‌ಲೈಟಿನ ಕೆಳಗೆ ಪಟ್ಟಿ ಪಟ್ಟಿಯಾಗಿ ಮಿನುಗಿದರೆ ಕ್ಯಾಮೆರಾದಲ್ಲಿ 60 ಹರ್ಟ್ಸ್ ಬದಲು 50 ಹರ್ಟ್ಸ್ ಆರಿಸಿ, ನಮ್ಮ ಕರೆಂಟಿನ ಆವರ್ತನ ಅದೇ.

"ಸಬ್‌ಸ್ಟ್ರೀಮ್ ಮಸುಕಲ್ಲವೇ, ಮೇನ್ ತೋರಿಸಬಾರದೇ?" ಎಂದು ತುಂಬ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 2560×1440, ಆರು ಸೇರಿದರೆ ಒಂದು ಫ್ರೇಮಿಗೆ 2.2 ಕೋಟಿ ಪಿಕ್ಸೆಲ್. ಫುಲ್ ಎಚ್‌ಡಿ ಪರದೆಯಲ್ಲಿ ಇರುವುದೇ ಸುಮಾರು 20.7 ಲಕ್ಷ. ಹತ್ತು ಪಾಲು ಬಿಡಿಸಿ ಒಂಬತ್ತು ಪಾಲು ಎಸೆಯುವ ಕೆಲಸಕ್ಕೆ ಪೆಟ್ಟಿಗೆ ಬಿಸಿಯಾಗಿ ನಿಂತುಹೋಗುತ್ತದೆ. ಸಾಲಿಗೆ ಮೂರು ಚೌಕವಿರುವಾಗ ಒಂದು ಚೌಕ 640×360. ಸಬ್‌ಸ್ಟ್ರೀಮ್ ಅಳತೆಯೂ 640×360 ಇದ್ದರೆ ಪಿಕ್ಸೆಲಿಗೆ ಪಿಕ್ಸೆಲ್ ಕೂರುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ. ಕ್ಯಾಮೆರಾದಲ್ಲಿ 704×576 ಎಂಬ ಆಯ್ಕೆ ಮೊದಲೇ ಇರುವುದುಂಟು. ಅದು ದೊಡ್ಡ ಸಂಖ್ಯೆಯೆಂದು ಮರುಳಾಗಬೇಡಿ, ಅಗಲದ ದೃಶ್ಯವನ್ನು ಒತ್ತಿ ಕಿರಿದು ಮಾಡುತ್ತದೆ. ನಾಲ್ಕೇ ಕ್ಯಾಮೆರಾ ಇದ್ದು ಸಬ್‌ಸ್ಟ್ರೀಮಿನಲ್ಲಿ 1280×720 ಸಿಗುವುದಾದರೆ ಅದನ್ನು ಆರಿಸಬಹುದು.

ಈ ಸಬ್‌ಸ್ಟ್ರೀಮ್‌ಗಳನ್ನು ಫ್ರಿಗೇಟ್ ಸಂರಚನೆಯ ಗೋ2ಆರ್‌ಟಿಸಿ ಭಾಗದಲ್ಲಿ ಸ್ಟ್ರೀಮ್‌ಗಳಾಗಿ ಹೆಸರಿಸಿ ಬರೆಯಬೇಕು. ಹೈಕ್‌ವಿಷನ್ ಕ್ಯಾಮೆರಾದಲ್ಲಿ ಆರ್‌ಟಿಎಸ್‌ಪಿ ವಿಳಾಸದ (ಕ್ಯಾಮೆರಾದ ವೀಡಿಯೊ ಸಿಗುವ ವಿಳಾಸದ) ಕೊನೆಯ ಸಂಖ್ಯೆ 101 ಅಂದರೆ ಮೇನ್, 102 ಅಂದರೆ ಸಬ್. ದಾಹುವಾದಲ್ಲಿ ಸಬ್‌ಟೈಪ್ 0 ಮೇನ್, 1 ಸಬ್. ಪಾಸ್‌ವರ್ಡಿನಲ್ಲಿ ಆಟ್ ಚಿಹ್ನೆ ಅಥವಾ ಹ್ಯಾಶ್ ಇದ್ದರೆ ವಿಳಾಸ ಮುರಿಯುತ್ತದೆ. ಅಕ್ಷರ ಮತ್ತು ಅಂಕಿ ಮಾತ್ರ ಇರುವ ಉದ್ದನೆಯ ಪಾಸ್‌ವರ್ಡ್ ಇಟ್ಟರೆ ತಲೆನೋವಿಲ್ಲ. ಗೋ2ಆರ್‌ಟಿಸಿಗೆ ಬರೆಯದೇ ಬಿಟ್ಟ ಕ್ಯಾಮೆರಾವನ್ನು ಫ್ರಿಗೇಟ್ ಡ್ಯಾಶ್‌ಬೋರ್ಡ್ ಜೆಎಸ್‌ಎಂಪೆಗ್ ಎಂಬ ಹಳೆಯ ದಾರಿಯಲ್ಲಿ ತೋರಿಸುತ್ತದೆ. ಮನುಷ್ಯರು, ಗಾಡಿಗಳ ಪತ್ತೆಗೆ ಇಟ್ಟ ಸೆಕೆಂಡಿಗೆ 5 ಫ್ರೇಮಿನಲ್ಲೇ, ಶಬ್ದವಿಲ್ಲದೆ, ಕುಂಟುತ್ತ ಬರುತ್ತದೆ. ಚಿತ್ರ ಎಳೆದೆಳೆದು ಬರುತ್ತಿದೆ ಎನಿಸಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಪೆಟ್ಟಿಗೆಯನ್ನು ಸಿದ್ಧಪಡಿಸುವ ಕೆಲಸ ಅರ್ಧ ಗಂಟೆಯದು. ರಾಸ್‌ಬೆರಿ ಪೈ ಓಎಸ್‌ನ ಡೆಸ್ಕ್‌ಟಾಪ್ ಆವೃತ್ತಿ ಹಾಕಿ. ಅದರ ಸೆಟ್ಟಿಂಗ್ಸ್ ಉಪಕರಣ ರಾಸ್ಪಿ-ಕಾನ್ಫಿಗ್ ತೆರೆದು ಡೆಸ್ಕ್‌ಟಾಪ್ ಆಟೊಲಾಗಿನ್ ಆನ್ ಮಾಡಿ, ಡಿಸ್‌ಪ್ಲೇ ವಿಭಾಗದಲ್ಲಿ ಸ್ಕ್ರೀನ್ ಬ್ಲ್ಯಾಂಕಿಂಗ್ ಆಫ್ ಮಾಡಿ. ಇದನ್ನು ಮರೆತರೆ ಕೆಲವು ನಿಮಿಷಗಳಲ್ಲೇ ಪರದೆ ಕಪ್ಪಾಗಿ, ಕ್ಯಾಮೆರಾ ಹೋಯಿತೆಂದು ಗಾಬರಿಯಾಗುತ್ತೀರಿ. 2024ರ ಕೊನೆಯಿಂದ ಈ ಓಎಸ್‌ನಲ್ಲಿ ವಿಂಡೋಗಳನ್ನು ನಿಭಾಯಿಸುವುದು ಲ್ಯಾಬ್‌ಡಬ್ಲ್ಯೂಸಿ. ಹಳೆಯ ಲೇಖನಗಳಲ್ಲಿ ಹೇಳುವ ಎಲ್‌ಎಕ್ಸ್‌ಸೆಷನ್ ಆಟೊಸ್ಟಾರ್ಟ್ ಈಗ ಕೆಲಸ ಮಾಡದು. ಹೋಮ್ ಫೋಲ್ಡರಿನ ಡಾಟ್-ಕಾನ್ಫಿಗ್ ಒಳಗೆ ಲ್ಯಾಬ್‌ಡಬ್ಲ್ಯೂಸಿ ಎಂಬ ಫೋಲ್ಡರ್, ಅದರೊಳಗೆ ಆಟೊಸ್ಟಾರ್ಟ್ ಎಂಬ ಕಡತ ಮಾಡಿ ನಿಮ್ಮ ಸ್ಕ್ರಿಪ್ಟಿನ ಹೆಸರು ಬರೆಯಿರಿ.

ಸ್ಕ್ರಿಪ್ಟಿನಲ್ಲಿ ಮೊದಲು ಕಾಯುವ ಸಾಲು ಬೇಕು. ಕರೆಂಟ್ ಬಂದಾಗ ಪೈ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ, ಫ್ರಿಗೇಟ್ ಕಂಪ್ಯೂಟರ್ ಏಳಲು ಎರಡು ಮೂರು ನಿಮಿಷ. ಕಾಯದೆ ಬ್ರೌಸರ್ ತೆರೆದರೆ "ಸೈಟ್ ಸಿಗುತ್ತಿಲ್ಲ" ಎಂಬ ಪುಟ ಎದುರಾಗುತ್ತದೆ. ಅಂಟಿಲ್ ಮತ್ತು ಕರ್ಲ್ ಆದೇಶಗಳನ್ನು ಸೇರಿಸಿ, ನೀವು ತೋರಿಸಬೇಕೆಂದಿರುವ ಪುಟವೇ ಉತ್ತರಿಸುವವರೆಗೆ 3 ಸೆಕೆಂಡಿಗೊಮ್ಮೆ ಕೇಳುತ್ತಿರುವಂತೆ ಬರೆಯಿರಿ. ಆಮೇಲೆ ಕ್ರೋಮಿಯಂ ಕರೆಯುವ ಸಾಲು (ಹಿಂದಿನ ಆವೃತ್ತಿಗಳಲ್ಲಿ ಆದೇಶದ ಹೆಸರು ಕ್ರೋಮಿಯಂ-ಬ್ರೌಸರ್). ಅದಕ್ಕೆ ಸೇರಿಸಬೇಕಾದವು: --ಕಿಯೋಸ್ಕ್, --ನೋಎರ್‌ಡಯಲಾಗ್ಸ್ (ಇಂಗ್ಲಿಷಿನಲ್ಲಿ noerrdialogs), --ನೋ-ಫಸ್ಟ್-ರನ್, --ಪಾಸ್‌ವರ್ಡ್-ಸ್ಟೋರ್=ಬೇಸಿಕ್, --ಆಟೊಪ್ಲೇ-ಪಾಲಿಸಿ=ನೋ-ಯೂಸರ್-ಜೆಸ್ಚರ್-ರಿಕ್ವೈರ್ಡ್. ಕೊನೆಗೆ ಉದ್ಧರಣ ಚಿಹ್ನೆಯೊಳಗೆ ಪುಟದ ವಿಳಾಸ. ವಿಳಾಸದಲ್ಲಿ ಆಂಪರ್‌ಸಂಡ್ ಇರುವುದರಿಂದ ಉದ್ಧರಣ ಚಿಹ್ನೆ ಬಿಟ್ಟರೆ ಶೆಲ್ ಅದನ್ನು ಅಲ್ಲೇ ತುಂಡರಿಸಿ ಮೊದಲ ಕ್ಯಾಮೆರಾ ಒಂದನ್ನೇ ತೋರಿಸುತ್ತದೆ. ಪಾಸ್‌ವರ್ಡ್-ಸ್ಟೋರ್ ಬಿಟ್ಟರೆ "ಕೀರಿಂಗ್‌ಗೆ ಪಾಸ್‌ವರ್ಡ್ ಕೊಡಿ" ಎಂಬ ಪೆಟ್ಟಿಗೆ ಚಿತ್ರದ ಮೇಲೆ ಕುಳಿತುಕೊಳ್ಳಬಹುದು. ಆಟೊಪ್ಲೇ ಸಾಲು ಬಿಟ್ಟರೆ ಶಬ್ದವಿರುವ ವೀಡಿಯೊ ಯಾರಾದರೂ ಒತ್ತುವವರೆಗೂ ಓಡುವುದಿಲ್ಲ.

ಗೋ2ಆರ್‌ಟಿಸಿ ಬೇಡ, ಫ್ರಿಗೇಟ್ ಡ್ಯಾಶ್‌ಬೋರ್ಡೇ ಬೇಕು ಎನ್ನುವವರಿಗೆ ಇನ್ನೊಂದು ಹೆಜ್ಜೆ ಇದೆ. ಕಿಯೋಸ್ಕ್ ಆದ ಮೇಲೂ ಎಡಬದಿಯ ಐಕಾನ್ ಸಾಲು ಉಳಿಯುತ್ತದೆ. ಫ್ರಿಗೇಟ್‌ನ ಲೈವ್ ಪುಟದಲ್ಲಿ ಎಫ್ ಕೀಲಿ ಒತ್ತಿದರೆ ಪೂರ್ಣಪರದೆ. ಆ ಕೀಲಿಯನ್ನು ಡಬ್ಲ್ಯೂಟೈಪ್ ಎಂಬ ಉಪಕರಣದಿಂದ ಒತ್ತಿಸಬಹುದು: ಬ್ರೌಸರ್ ತೆರೆದು 40 ಸೆಕೆಂಡ್ ಆದ ಮೇಲೆ ಡಬ್ಲ್ಯೂಟೈಪ್ ಎಫ್. ಕೀಲಿ ಆಪರೇಟಿಂಗ್ ಸಿಸ್ಟಮ್ ಕಡೆಯಿಂದ ಬರುವುದರಿಂದ ಬ್ರೌಸರ್ ಅದನ್ನು ಮನುಷ್ಯ ಒತ್ತಿದ್ದೆಂದೇ ಒಪ್ಪುತ್ತದೆ. ಎಫ್ ಎರಡು ಸಲ ಬಿದ್ದರೆ ಮತ್ತೆ ಹೊರಬರುತ್ತದೆ, ಪುಟ ಮರುಲೋಡ್ ಆದರೂ ಹೊರಬರುತ್ತದೆ. ಈ ಸೂಕ್ಷ್ಮದಿಂದಾಗಿಯೇ ನಾವು ಇದನ್ನು ಎರಡನೆಯ ಆಯ್ಕೆಯಾಗಿ ಇಡುವುದು.

ಡ್ಯಾಶ್‌ಬೋರ್ಡಿಗೆ ಲಾಗಿನ್ನಿನ ಪ್ರಶ್ನೆಯೂ ಇದೆ. ಫ್ರಿಗೇಟ್ 0.14ರಿಂದ 8971ನೇ ಪೋರ್ಟ್ ಪಾಸ್‌ವರ್ಡ್ ಕೇಳುತ್ತದೆ, 5000 ಕೇಳುವುದಿಲ್ಲ. 8971ರಲ್ಲಿ ಲಾಗಿನ್ ಅವಧಿ ಮೂಲದಲ್ಲಿ 86400 ಸೆಕೆಂಡ್, ಅಂದರೆ ಒಂದು ದಿನ. ಪುಟ ತೆರೆದೇ ಇದ್ದರೆ ನವೀಕರಣಗೊಳ್ಳುತ್ತ ಹೋಗುತ್ತದೆ. ಶನಿವಾರ ಸಂಜೆ ಆಫ್ ಮಾಡಿ ಸೋಮವಾರ ಬೆಳಿಗ್ಗೆ ಆನ್ ಮಾಡಿದರೆ ಟಿವಿಯಲ್ಲಿ ಲಾಗಿನ್ ಪುಟ ಕಾಣುವುದು ಇದಕ್ಕೇ. ಸಂರಚನೆಯ ಆಥ್ ಭಾಗದಲ್ಲಿ ಸೆಷನ್ ಅವಧಿಯನ್ನು ಹೆಚ್ಚಿಸಿ, ಟಿವಿಗೆ ವ್ಯೂವರ್ ಪಾತ್ರದ ಪ್ರತ್ಯೇಕ ಬಳಕೆದಾರನನ್ನು ಮಾಡಿ (0.16ರಿಂದ ಸಾಧ್ಯ). 8971ರ ಪ್ರಮಾಣಪತ್ರ ಸ್ವಯಂಸಹಿಯದಾದ್ದರಿಂದ ಮೊದಲ ಸಲ ಬ್ರೌಸರ್ ಹೆದರಿಸುತ್ತದೆ, ಕೀಬೋರ್ಡ್ ಸಿಕ್ಕಿಸಿ ಒಮ್ಮೆ ಒಪ್ಪಿಗೆ ಕೊಡಬೇಕು. 5000 ಸುಲಭ, ಆದರೆ ಅದರ ಮೂಲಕ ಬಂದವರೆಲ್ಲ ಅಡ್ಮಿನ್. ಕೆಲಸಗಾರರ ಫೋನುಗಳೂ ಇರುವ ನೆಟ್‌ವರ್ಕಿನಲ್ಲಿ ಅದನ್ನು ತೆರೆದಿಡಬೇಡಿ.

ಈಗ ಕರೆಂಟಿನ ವಿಷಯ. ನಮ್ಮ ಊರುಗಳಲ್ಲಿ ಇದನ್ನು ಬಗೆಹರಿಸದ ಜೋಡಣೆ ಎಷ್ಟು ಚೆಂದವಿದ್ದರೂ ಒಂದು ವಾರದಲ್ಲಿ ಮೂಲೆಗೆ ಬೀಳುತ್ತದೆ. ಹಠಾತ್ ಕರೆಂಟ್ ಹೋದಾಗ ಆಗುವುದು ನಾಲ್ಕು. ಮೊದಲನೆಯದು, ಕ್ರೋಮಿಯಂ ಮತ್ತೆ ತೆರೆದಾಗ "ಸರಿಯಾಗಿ ಮುಚ್ಚಲಿಲ್ಲ, ಪುಟಗಳನ್ನು ಮರಳಿ ತರಲೇ?" ಎಂದು ಕೇಳುತ್ತದೆ. ಎರಡನೆಯದು, ಮೆಮೊರಿ ಕಾರ್ಡ್ ಕೆಡುತ್ತದೆ. ಇವೆರಡಕ್ಕೂ ಮದ್ದು ಒಂದೇ: ರಾಸ್ಪಿ-ಕಾನ್ಫಿಗ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಓವರ್‌ಲೇ ಫೈಲ್ ಸಿಸ್ಟಮ್. ಅದು ಕಾರ್ಡನ್ನು ಓದಲು ಮಾತ್ರ ಎಂದು ಮಾಡಿ, ಬರೆಯುವುದೆಲ್ಲ ಮೆಮೊರಿಯಲ್ಲಿ ನಡೆದು ಆಫ್ ಆದಾಗ ಅಳಿಯುವಂತೆ ಮಾಡುತ್ತದೆ. ಎಲ್ಲ ಸರಿಯಾಗಿ ಓಡಿದ ಮೇಲೆ ಬ್ರೌಸರನ್ನು ಆಲ್ಟ್-ಎಫ್4ರಿಂದ ಕ್ರಮವಾಗಿ ಮುಚ್ಚಿ, ಆಮೇಲೆ ಓವರ್‌ಲೇ ಆನ್ ಮಾಡಿ. ಪ್ರತಿಸಲ ಪೈ ಎದ್ದಾಗ ಬ್ರೌಸರಿಗೆ ತಾನು ನೆಟ್ಟಗೆ ಮುಚ್ಚಿದ್ದೇ ನೆನಪಿರುತ್ತದೆ, ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಗೋ2ಆರ್‌ಟಿಸಿ ಪುಟಕ್ಕೆ ಲಾಗಿನ್ ಬೇಡವಾದ್ದರಿಂದ ಇದು ನೆಮ್ಮದಿಯ ಜೋಡಿ. ಡ್ಯಾಶ್‌ಬೋರ್ಡ್ ಬಳಸುವವರಿಗೆ ಮಾತ್ರ ತೊಡಕು, ಏಕೆಂದರೆ ಹಳೆಯ ಲಾಗಿನ್ನೇ ಪ್ರತಿಸಲ ಮರಳಿ ಬಂದು ಅವಧಿ ತೀರಿದ ಮೇಲೆ ನಿರುಪಯೋಗಿಯಾಗುತ್ತದೆ.

ಮೂರನೆಯದು, ಟಿವಿಗಿಂತ ಮೊದಲು ಪೈ ಎದ್ದರೆ ಎದುರಿಗೆ ಪರದೆಯೇ ಇಲ್ಲವೆಂದುಕೊಂಡು ಚಿತ್ರ ಕಳಿಸದೆ ಕೂರುತ್ತದೆ. ಹಿಂದೆ ಇದಕ್ಕೆ ಕಾನ್ಫಿಗ್ ಕಡತದಲ್ಲಿ ಎಚ್‌ಡಿಎಂಐ ಫೋರ್ಸ್ ಹಾಟ್‌ಪ್ಲಗ್ ಎಂದು ಬರೆಯುತ್ತಿದ್ದರು, ಈಗಿನ ಡ್ರೈವರಿಗೆ ಅದು ತಾಗುವುದಿಲ್ಲ. ಬೂಟ್ ವಿಭಾಗದ ಸಿಎಂಡಿಲೈನ್ ಕಡತದ ಅದೇ ಒಂದು ಸಾಲಿನ ಕೊನೆಗೆ, ಒಂದು ಖಾಲಿ ಜಾಗ ಬಿಟ್ಟು, ವೀಡಿಯೊ=ಎಚ್‌ಡಿಎಂಐ-ಎ-1:1920×1080@60ಡಿ ಎಂದು ಬರೆಯಿರಿ. ಇಲ್ಲಿ ಎಚ್‌ಡಿಎಂಐ, ಎ, ಡಿ ಮೂರೂ ದೊಡ್ಡಕ್ಷರ, ಗುಣಾಕಾರ ಚಿಹ್ನೆಯ ಜಾಗದಲ್ಲಿ ಸಣ್ಣ ಎಕ್ಸ್. ಹೊಸ ಸಾಲಿನಲ್ಲಿ ಬರೆದರೆ ಲೆಕ್ಕಕ್ಕೆ ಬರುವುದಿಲ್ಲ. 4ಕೆ ಟಿವಿಗೂ ಇದೇ 1080 ಇರಲಿ. 4ಕೆ ಕಳಿಸಿದರೆ ಪೈಗೆ ನಾಲ್ಕು ಪಟ್ಟು ಹೊರೆ, ಕಣ್ಣಿಗೆ ವ್ಯತ್ಯಾಸ ಸೊನ್ನೆ.

ನಾಲ್ಕನೆಯದು, ಕರೆಂಟ್ ಬಂದ ಮೇಲೂ ಟಿವಿ ಸ್ಟ್ಯಾಂಡ್‌ಬೈನಲ್ಲೇ ಉಳಿಯುತ್ತದೆ. ಎಚ್‌ಡಿಎಂಐ ಕೇಬಲ್ ಮೂಲಕವೇ ಅದನ್ನು ಎಬ್ಬಿಸಬಹುದು. ಟಿವಿಯಲ್ಲಿ ಸಿಇಸಿ ಆನ್ ಮಾಡಿ: ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಪೈನಲ್ಲಿ ಸಿಇಸಿ-ಯುಟಿಲ್ಸ್ ಹಾಕಿ, ಎಕೋ ಆದೇಶದಿಂದ "ಆನ್ 0" ಎಂಬುದನ್ನು ಸಿಇಸಿ-ಕ್ಲೈಂಟ್‌ಗೆ ಪೈಪ್ ಮಾಡಿದರೆ ಟಿವಿ ಏಳುತ್ತದೆ, "ಸ್ಟ್ಯಾಂಡ್‌ಬೈ 0" ಅಂದರೆ ಮಲಗುತ್ತದೆ. ಬೂಟ್ ಆಗಿ ಒಂದು ನಿಮಿಷ ಕಳೆದ ಮೇಲೆ ಒಂದು ಸಲ, ಮತ್ತು ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಆದೇಶ ಓಡಿಸುವ ವ್ಯವಸ್ಥೆ) ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ, ಸಂಜೆ ಮುಚ್ಚುವ ಹೊತ್ತಿಗೆ ಒಂದೊಂದು ಸಾಲು ಬರೆಯಿರಿ. ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕರೆಂಟಿನ ಜೊತೆ ಇಂಟರ್ನೆಟ್ಟೂ ಹೋಗುವ ಊರಾದರೆ ಸಮಯ ತಪ್ಪಿ ಟಿವಿ ನಡುಹಗಲಲ್ಲಿ ಆಫ್ ಆಗಬಹುದು. ಅಂಥಲ್ಲಿ ಗಡಿಯಾರದ ಸಣ್ಣ ಮಾಡ್ಯೂಲ್ ಒಂದನ್ನು ಸೇರಿಸಿ. ಫ್ರಿಗೇಟ್ ಕಂಪ್ಯೂಟರಿನ ಬಯೋಸ್‌ನಲ್ಲೂ ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆ ಹಾಕಿ. ಸಾಧ್ಯವಾದರೆ ಆ ಕಂಪ್ಯೂಟರ್, ನೆಟ್‌ವರ್ಕ್ ಸ್ವಿಚ್, ಪೈ ಮೂರನ್ನೂ ಯುಪಿಎಸ್‌ಗೆ ಕೊಡಿ. ಟಿವಿ ಹೊರಗಿದ್ದರೂ ಚಿಂತೆಯಿಲ್ಲ.

ಟಿವಿಯಲ್ಲಿ ಉಳಿದಿರುವುದು ಹೊರಗಿನ ಚೌಕಟ್ಟು. ಮೂಲೆಯಲ್ಲಿರುವ ಕ್ಯಾಮೆರಾದ ಸಮಯ, ದಿನಾಂಕ ಅರ್ಧ ಕತ್ತರಿಸಿದ್ದರೆ ಚಿತ್ರದ ಅಳತೆಯ ಸೆಟ್ಟಿಂಗ್ ಹುಡುಕಿ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್, ಸೋನಿಯಲ್ಲಿ ಫುಲ್ ಪಿಕ್ಸೆಲ್. ಕೆಲವು ಟಿವಿಗಳಲ್ಲಿ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಬದಲಿಸಿದರೆ ಸಾಕು. ರಿಮೋಟ್ ಮುಟ್ಟದೆ ನಾಲ್ಕು ಗಂಟೆಯಾದರೆ ತಾನೇ ಆಫ್ ಆಗುವ ಆಯ್ಕೆ ಹಲವು ಟಿವಿಗಳಲ್ಲಿ ಮೊದಲೇ ಆನ್ ಇರುತ್ತದೆ, ಅದನ್ನು ತೆಗೆಯಿರಿ. ವಿವಿಡ್ ಬಣ್ಣ ಬಿಟ್ಟು ಸ್ಟ್ಯಾಂಡರ್ಡ್‌ಗೆ ಬನ್ನಿ, ಬ್ಯಾಕ್‌ಲೈಟ್ ಅರ್ಧಕ್ಕೆ ಇಳಿಸಿ, ದಿನಕ್ಕೆ ಹತ್ತು ಗಂಟೆ ಉರಿಯುವ ಪರದೆಯ ಆಯಸ್ಸು ಉಳಿಯುತ್ತದೆ. ಒಎಲ್‌ಇಡಿ ಟಿವಿಯಾದರೆ ಈ ಕೆಲಸಕ್ಕೆ ಹಚ್ಚಲೇಬೇಡಿ. ಕದಲದ ಗೆರೆಗಳು, ದಿನಾಂಕದ ಅಕ್ಷರಗಳು ಪರದೆಯಲ್ಲಿ ಶಾಶ್ವತವಾಗಿ ಅಚ್ಚಾಗುತ್ತವೆ.

ಪೈ ಬದಲು ವಿಂಡೋಸ್ ಮಿನಿ ಪಿಸಿ ಇಡುವವರು ಕ್ರೋಮ್ ಶಾರ್ಟ್‌ಕಟ್‌ಗೆ ಅದೇ --ಕಿಯೋಸ್ಕ್ ಸೇರಿಸಿ ಸ್ಟಾರ್ಟಪ್ ಫೋಲ್ಡರಿನಲ್ಲಿ ಇಡಬಹುದು. ಹಿನ್ನೆಲೆಯಲ್ಲಿ ಕ್ರೋಮ್ ಈಗಾಗಲೇ ಓಡುತ್ತಿದ್ದರೆ ಕಿಯೋಸ್ಕ್ ಆದೇಶವನ್ನು ಅದು ಕಿವಿಗೆ ಹಾಕಿಕೊಳ್ಳದೆ ಮಾಮೂಲಿ ಟ್ಯಾಬ್ ತೆರೆಯುತ್ತದೆ, ಅದಕ್ಕೆ --ಯೂಸರ್-ಡೇಟಾ-ಡಿರ್ ಎಂದು ಪ್ರತ್ಯೇಕ ಫೋಲ್ಡರ್ ಕೊಡಿ. ಆಂಡ್ರಾಯ್ಡ್ ಟಿವಿ ಇರುವವರು ಪೆಟ್ಟಿಗೆ ಕೊಳ್ಳುವ ಮುಂಚೆ ಫುಲ್ಲಿ ಕಿಯೋಸ್ಕ್ ಅಥವಾ ಟಿವಿ ಬ್ರೋ ಆ್ಯಪ್ ಪ್ರಯತ್ನಿಸಿ ನೋಡಬಹುದು. ಅಲ್ಲಿ ವೆಬ್ ಎಂಜಿನ್ ಪ್ಲೇ ಸ್ಟೋರಿನಿಂದ ಹೊಸದಾಗುತ್ತಿರುತ್ತದೆ. ಎರಡು ಮೂರು ಕ್ಯಾಮೆರಾಗೆ ಚೆನ್ನ, ಆರಕ್ಕೆ ಟಿವಿಯ ಚಿಪ್ಪು ಏದುಸಿರು ಬಿಡುತ್ತದೆ. ಫುಲ್ಲಿಯ ಕೆಲವು ಸೌಲಭ್ಯಗಳಿಗೆ ಪರವಾನಗಿ ಕೊಳ್ಳಬೇಕು. ಲ್ಯಾಪ್‌ಟಾಪಿನಿಂದ ಟ್ಯಾಬ್ ಕಾಸ್ಟ್ ಮಾಡುವ ದಾರಿ ನಿತ್ಯದ ಬಳಕೆಗೆ ಅಲ್ಲ.

ಇದೇ ಪ್ರಶ್ನೆ ಇರುವ, ಆದರೆ ಫ್ರಿಗೇಟ್ ಬಳಸದವರಿಗೆ ಎರಡು ಮಾತು. ಅಂಗಡಿಯಲ್ಲಿ ಕೊಂಡ ಎನ್‌ವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ) ಪೆಟ್ಟಿಗೆಯಾದರೆ ಅದರ ವೆಬ್ ಪುಟದ ಗೊಡವೆಗೇ ಹೋಗಬೇಡಿ. ಅದರ ಹಿಂದೆ ಎಚ್‌ಡಿಎಂಐ ಕಿಂಡಿ ಇರುತ್ತದೆ, ದೂರವಿದ್ದರೆ ಕ್ಯಾಟ್ 6 ಕೇಬಲಿನ ಮೇಲೆ ಎಚ್‌ಡಿಎಂಐ ಸಾಗಿಸುವ ಎಕ್ಸ್‌ಟೆಂಡರ್ ಜೋಡಿ ಹಾಕಿ. ಹಳೆಯ ಎನ್‌ವಿಆರ್‌ಗಳ ವೆಬ್ ಪುಟ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಪ್ಲಗಿನ್ ಬೇಡುತ್ತದೆ, ಆ ಬ್ರೌಸರ್ 2022ರ ಜೂನ್‌ನಲ್ಲೇ ನಿವೃತ್ತವಾಗಿದೆ. ಫ್ರಿಗೇಟ್‌ನಂಥದೇ ಇನ್ನೊಂದು ತಂತ್ರಾಂಶ ಝೋನ್‌ಮೈಂಡರ್ ಬಳಸುವವರಿಗೆ, ಎಲ್ಲ ಕ್ಯಾಮೆರಾ ಒಟ್ಟಿಗೆ ತೋರಿಸುವ ಮಾಂಟಾಜ್ ಪುಟದಲ್ಲಿ ಆರು ಕ್ಯಾಮೆರಾ ಬಂದು ಏಳನೆಯದು ಬರದೇ ಹೋಗಬಹುದು. ಏಳನೇ ಕ್ಯಾಮೆರಾ ಕೆಟ್ಟಿಲ್ಲ. ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದು ವಿಳಾಸಕ್ಕೆ ಒಮ್ಮೆಗೆ ಆರೇ ಸಂಪರ್ಕ ಇಡುತ್ತದೆ, ಕೊನೆಯಿಲ್ಲದ ಎಂಜೆಪೆಗ್ ಚಿತ್ರಧಾರೆಗಳು ಆ ಆರನ್ನೂ ಹಿಡಿದುಕೊಂಡು ಕೂತಿರುತ್ತವೆ. ಪ್ರತಿ ಕ್ಯಾಮೆರಾಗೂ ಬೇರೆ ಪೋರ್ಟ್ ಕೊಡುವ ಮಿನಿಮಮ್ ಸ್ಟ್ರೀಮಿಂಗ್ ಪೋರ್ಟ್ ಸೆಟ್ಟಿಂಗ್ ಅದರಲ್ಲೇ ಇದೆ.

ಎಲ್ಲ ಮುಗಿದ ಮೇಲೆ ಕೀಬೋರ್ಡ್, ಮೌಸ್ ಕಿತ್ತಿಡಿ, ಬಾಣದ ಗುರುತು ಪರದೆಯ ನಡುವೆ ನಿಲ್ಲದಂತೆ ಮೊದಲೇ ಮೂಲೆಗೆ ತಳ್ಳಿ. ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಇರುವುದರಿಂದ ಅದನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಆಮೇಲೆ ಗೋದಾಮಿನ ಮೇನ್ ಸ್ವಿಚ್ ಇಳಿಸಿ, ಎರಡು ನಿಮಿಷ ಬಿಟ್ಟು ಏರಿಸಿ. ಯಾರೂ ಏನನ್ನೂ ಮುಟ್ಟದೆ ಐದು ನಿಮಿಷದೊಳಗೆ ಆರೂ ಚಿತ್ರ ಟಿವಿಯಲ್ಲಿ ಓಡಬೇಕು. ಟಿವಿಯೇ ಏಳದಿದ್ದರೆ ಸಿಇಸಿ ಸಾಲಿನ ಮುಂಚಿನ ಕಾಯುವಿಕೆಯನ್ನು ಒಂದು ನಿಮಿಷದಿಂದ ಎರಡಕ್ಕೆ ಹೆಚ್ಚಿಸಿ. ಟಿವಿ ಎದ್ದು "ಸಿಗ್ನಲ್ ಇಲ್ಲ" ಎಂದರೆ ಸಿಎಂಡಿಲೈನ್ ನೋಡಿ. ಬ್ರೌಸರ್ ದೋಷದ ಪುಟ ತೋರಿಸಿದರೆ ಕಾಯುವ ಸಾಲಿನ ವಿಳಾಸ ನೋಡಿ. ಒಂದೆರಡು ಚೌಕ ಮಾತ್ರ ಕಪ್ಪಿದ್ದರೆ ಆ ಕ್ಯಾಮೆರಾದ ಸಬ್‌ಸ್ಟ್ರೀಮ್ ಇನ್ನೂ ಎಚ್.265ರಲ್ಲೇ ಇದೆ.